ಹಳೆಯ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಆಟಗಳು ತೆವಳುತ್ತಿದ್ದರೆ ಮೊದಲು ಏನನ್ನು ನೋಡಬೇಕು?

ನಿಮ್ಮದು ಇಂಟೆಲ್ ಎಚ್‌ಡಿ 3000 ಗ್ರಾಫಿಕ್ಸ್ ಇರುವ 2011ರ ಲ್ಯಾಪ್‌ಟಾಪ್, ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಇದೆ. ಹಳೆಯ ಆಟಗಳೂ ಸೆಕೆಂಡಿಗೆ ಮೂರು ನಾಲ್ಕು ಫ್ರೇಮ್‌ಗಳಲ್ಲಿ ತೆವಳುತ್ತವೆ, ಫ್ಯಾನ್ ಒಂದೇ ಸಮನೆ ಕೂಗುತ್ತದೆ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಹಾಕಿದ ಆಟವಂತೂ ತೆರೆದುಕೊಳ್ಳುವುದೇ ಇಲ್ಲ, ಎರಡು ಸಲ ಇಡೀ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಿದರೂ ಫಲ ಸಿಗಲಿಲ್ಲ ಎಂದು ಕೇಳಿದ್ದೀರಿ. ಮೂರನೆಯ ಸಲ ಅಳವಡಿಸುವ ಮುನ್ನ, ಪರದೆಯ ಮೇಲಿನ ಚಿತ್ರವನ್ನು ಬಿಡಿಸುತ್ತಿರುವುದು ಗ್ರಾಫಿಕ್ಸ್ ಚಿಪ್ಪೋ ಪ್ರೊಸೆಸರೋ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಲಿನಕ್ಸ್‌ನಲ್ಲಿ ಆಟಗಳ ಚಿತ್ರ ಬಿಡಿಸುವ ತಂತ್ರಾಂಶದ ಹೆಸರು ಮೆಸಾ. ಮೆಸಾ-ಯುಟಿಲ್ಸ್ ಪ್ಯಾಕೇಜನ್ನು ಹಾಕಿಕೊಂಡು, ಟರ್ಮಿನಲ್‌ನಲ್ಲಿ ಜಿಎಲ್‌ಎಕ್ಸ್‌ಇನ್ಫೊ ಆದೇಶವನ್ನು ಹೈಫನ್ ಮತ್ತು ದೊಡ್ಡಕ್ಷರದ ಬಿ ಜೊತೆ ಓಡಿಸಿ. ಓಪನ್‌ಜಿಎಲ್ (ಆಟಗಳು ಚಿತ್ರ ಬಿಡಿಸಲು ಬಳಸುವ ಒಂದು ಮಾನದಂಡ) ರೆಂಡರರ್ ಎಂಬ ಸಾಲಿನಲ್ಲಿ ನಿಮ್ಮ ಇಂಟೆಲ್ ಚಿಪ್‌ನ ಹೆಸರು ಇರಬೇಕು. ಅದರ ಬದಲು ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ, ಚಿಪ್ ಸುಮ್ಮನೆ ಕುಳಿತಿದೆ, ಪ್ರತಿಯೊಂದು ಪಿಕ್ಸೆಲ್‌ನ ಲೆಕ್ಕವನ್ನೂ ಪ್ರೊಸೆಸರ್ ಮಾಡುತ್ತಿದೆ ಎಂದರ್ಥ. ಫ್ಯಾನ್ ಕೂಗುತ್ತಿದೆ ಎಂಬ ನಿಮ್ಮ ಮಾತು ಓದಿದಾಗಲೇ ನನಗೆ ಈ ಅನುಮಾನ ಬಂತು.

ಇದೇ ತೊಂದರೆಯಲ್ಲಿ ನಾನು ಕೆಲವು ತಿಂಗಳು ಕಳೆದಿದ್ದೇನೆ. ಅಳವಡಿಸುವಾಗ ಪರದೆ ಕಪ್ಪಾಗಿದ್ದರಿಂದ, ಎಲ್ಲೋ ಓದಿದ್ದನ್ನು ನಂಬಿ ಬೂಟ್ ಸಾಲಿಗೆ ನೋಮೋಡ್‌ಸೆಟ್ ಎಂಬ ಪದ ಸೇರಿಸಿದೆ. ಪರದೆ ಬಂತು, ಪದ ಅಲ್ಲೇ ಉಳಿಯಿತು, ನಾನು ಮರೆತೆ. ಆ ಪದವಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲಿನ ಗ್ರಾಫಿಕ್ಸ್ ಚಾಲಕ, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶ, ಏಳುವುದೇ ಇಲ್ಲ, ಆದ್ದರಿಂದ ಮೆಸಾ ಪ್ರೊಸೆಸರಿನ ಮೊರೆ ಹೋಗುತ್ತದೆ. ಪ್ರೋಕ್ ಡೈರೆಕ್ಟರಿಯ ಸಿಎಂಡಿಲೈನ್ ಕಡತವನ್ನು ತೆರೆದರೆ ಪದ ಇದೆಯೋ ಇಲ್ಲವೋ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಇದ್ದರೆ, ಇಟಿಸಿಯ ಡಿಫಾಲ್ಟ್ ಡೈರೆಕ್ಟರಿಯಲ್ಲಿರುವ ಗ್ರಬ್ ಕಡತದಿಂದ ಅದನ್ನು ತೆಗೆದು, ಅಪ್‌ಡೇಟ್-ಗ್ರಬ್ ಓಡಿಸಿ, ಯಂತ್ರವನ್ನು ಮರಳಿ ಆರಂಭಿಸಿ. ಎರಡು ಸಲವೂ ಅದೇ ಪದ ಹಾಕಿ ಅಳವಡಿಸಿದ್ದರೆ ಎರಡು ಸಲವೂ ಅದೇ ರೋಗ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ರೆಂಡರರ್ ಸಾಲು ಸರಿಯಿದ್ದೂ ಒಂದೆರಡು ಆಟಗಳು ಮಾತ್ರ ತೆವಳಿದರೆ, ಅವು 32 ಬಿಟ್ ಆಟಗಳೇ ನೋಡಿ. 64 ಬಿಟ್ ವ್ಯವಸ್ಥೆಯಲ್ಲಿ ಅವುಗಳಿಗೆ ಮೆಸಾದ 32 ಬಿಟ್ ಪ್ರತಿಯೇ ಬೇಕು; ಡೆಬಿಯನ್‌ನಲ್ಲಿ ಐ386 ಆರ್ಕಿಟೆಕ್ಚರನ್ನು ಸೇರಿಸಿದ ಮೇಲಷ್ಟೇ ಅದು ಸಿಗುತ್ತದೆ. ಲಿಬ್‌ಜಿಎಲ್ ಡೀಬಗ್ ಎಂಬ ಪರಿಸರ ಚರಕ್ಕೆ (ಎನ್ವಿರಾನ್ಮೆಂಟ್ ವೇರಿಯಬಲ್) ವರ್ಬೋಸ್ ಎಂಬ ಮೌಲ್ಯ ಕೊಟ್ಟು ಟರ್ಮಿನಲ್‌ನಿಂದಲೇ ಆಟವನ್ನು ಆರಂಭಿಸಿದರೆ, ಯಾವ ಚಾಲಕ ಸಿಗದೆ ಹೋಯಿತು ಎಂಬುದನ್ನು ಅದೇ ಹೇಳುತ್ತದೆ.

ವೈನ್ ಆಟದ ಕಥೆ ಬೇರೆ. ಡಿಎಕ್ಸ್‌ವಿಕೆ ಎಂಬ ಪದರವು ವಿಂಡೋಸ್ ಆಟಗಳು ಚಿತ್ರ ಬಿಡಿಸಲು ಮಾಡುವ ಡೈರೆಕ್ಟ್‌3ಡಿ ಕರೆಗಳನ್ನು ವಲ್ಕನ್ ಎಂಬ ಇನ್ನೊಂದು ಮಾನದಂಡಕ್ಕೆ ತಿರುಗಿಸುತ್ತದೆ, ಆದರೆ ಎಚ್‌ಡಿ 3000ಕ್ಕೆ ವಲ್ಕನ್ ಚಾಲಕವೇ ಇಲ್ಲ. ಅದರ ಮಿತಿ ಓಪನ್‌ಜಿಎಲ್ 3.3. ಹಾಗಾಗಿ ಡಿಎಕ್ಸ್‌ವಿಕೆಯನ್ನು ತೆಗೆದು, ಓಪನ್‌ಜಿಎಲ್ ಬಳಸುವ, ವೈನ್‌ನದೇ ಆದ ವೈನ್‌ಡಿ3ಡಿ ಪದರಕ್ಕೆ ಮರಳಿ. ಡೈರೆಕ್ಟ್‌3ಡಿ 9ರ ಕಾಲದ ಆಟಗಳಿಗೆ ಸಾಮಾನ್ಯವಾಗಿ ಅಷ್ಟು ಸಾಕು. ಓಪನ್‌ಜಿಎಲ್ 4 ಕೇಳುವ ಆಟಕ್ಕೆ ಮೆಸಾದ ಆವೃತ್ತಿ ಸಂಖ್ಯೆಯನ್ನು ಹೆಚ್ಚಿಸಿ ತೋರಿಸುವ ಉಪಾಯ ಕೆಲವರು ಹೇಳುತ್ತಾರೆ. ಅದು ಚಿಪ್‌ಗೆ ಇಲ್ಲದ ಶಕ್ತಿಯನ್ನು ತಂದುಕೊಡುವುದಿಲ್ಲ. ಆಟ ತೆರೆದುಕೊಂಡರೂ ಗೋಡೆಗಳು ಕಪ್ಪಾಗಿ ಕಾಣಬಹುದು, ಇಲ್ಲವೇ ನಡುವೆ ಮುಚ್ಚಿಹೋಗಬಹುದು.

ಹಳೆಯ ಮಾರ್ಗದರ್ಶಿಗಳಲ್ಲಿ ಐ965 ಎಂಬ ಚಾಲಕದ ಪ್ರಸ್ತಾಪ ಕಂಡರೆ ಅದನ್ನು ಹುಡುಕಲು ಹೋಗಬೇಡಿ. 2022ರ ಮೆಸಾ 22.0ರಲ್ಲಿ ಅದನ್ನು ಕೈಬಿಟ್ಟರು; ನಿಮ್ಮ ಚಿಪ್ಪನ್ನು ಈಗ ಕ್ರೋಕಸ್ ಎಂಬ ಚಾಲಕ ನೋಡಿಕೊಳ್ಳುತ್ತದೆ.

ನೋಮೋಡ್‌ಸೆಟ್ ಇಲ್ಲದೆಯೂ ಎಲ್‌ಎಲ್‌ವಿಎಂಪೈಪ್ ಕಾಣಿಸಿದರೆ, ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಆದೇಶದ ಔಟ್‌ಪುಟ್‌ನಲ್ಲಿ ಐ915 (ಇಂಟೆಲ್ ಗ್ರಾಫಿಕ್ಸ್‌ನ ಕರ್ನಲ್ ಚಾಲಕ) ಎಂದಿರುವ ಸಾಲುಗಳನ್ನೂ ರೆಂಡರರ್ ಸಾಲನ್ನೂ ಪ್ರಶ್ನೆಗೆ ಸೇರಿಸಿ, ನೋಡಿ ಹೇಳುತ್ತೇನೆ.