ಇಳಕಲ್ ಸೀರೆ ವೆಬ್‌ಸೈಟ್: ಮಾರಿಹೋದ ಸೀರೆಗೆ ಮತ್ತೆ ಆರ್ಡರ್ ಬರುವುದನ್ನು ತಡೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಇಳಕಲ್ ಸೀರೆ ಅಂಗಡಿ ಇದೆ, ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ (ವೆಬ್‌ಸೈಟನ್ನು ಅಂಗಡಿ ಮಾಡುವ ಪ್ಲಗಿನ್) ಹಾಕಿಸಿದ್ದೀರಿ. ಅಂಗಡಿಯಲ್ಲಿ ಮಾರಿಹೋದ ಸೀರೆಗೆ ವೆಬ್‌ಸೈಟಿನಲ್ಲಿ ಆರ್ಡರ್ ಬೀಳುತ್ತದೆ, ಹೊಸ ಮಾಲು ಏರಿಸಲು ವಾರಗಟ್ಟಲೆ ಹಿಡಿಯುತ್ತದೆ, ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ಗಳು ವಾಪಸ್ ಬರುತ್ತವೆ. ಬೇರೆ ವೆಬ್‌ಸೈಟ್ ಮಾಡಿಸಬೇಕೇ?

ಬೇಡ. ದುಡ್ಡು ಸುರಿದು ಹೊಸದು ಮಾಡಿಸಿದರೂ ಇದೇ ತೊಂದರೆ ಮುಂದುವರಿಯುತ್ತದೆ. ನಿಮಗೆ ಮೊದಲು ಬೇಕಾದದ್ದು ಪ್ರತಿ ಸೀರೆಗೊಂದು ನಂಬರ್.

ಕೈಮಗ್ಗದ ಮಾಲಿನಲ್ಲಿ ಹೆಚ್ಚಿನವು ಒಂಟಿ ಪೀಸ್. ಹಾಗಾಗಿ ಮಗ್ಗದಿಂದ ಬಂದ ದಿನವೇ ಸೀರೆಗೆ ಒಂದು ರಟ್ಟಿನ ಚೀಟಿ ಕಟ್ಟಿ: ದಡಿಯ ಹೆಸರಿನ ಎರಡಕ್ಷರ (ಚಿಕ್ಕಿ, ಗೋಮಿ, ಯಾವುದೋ ಅದು), ಆಮೇಲೆ ನಾಲ್ಕಂಕಿಯ ಕ್ರಮಸಂಖ್ಯೆ. ಅದೇ ನಂಬರ್ ವೂಕಾಮರ್ಸ್‌ನ ಎಸ್‌ಕೆಯು (ಮಾಲಿನ ಗುರುತಿನ ಸಂಖ್ಯೆ) ಕಾಲಂನಲ್ಲಿ, ಅದೇ ಫೋಟೋದ ಫೈಲ್ ಹೆಸರಿನಲ್ಲಿ, ಅದೇ ವಾಟ್ಸಾಪ್‌ಗೆ ಕಳಿಸುವ ಚಿತ್ರದ ಕೆಳಗೆ. ಮಾರಿದ ಮೇಲೆ ಆ ನಂಬರನ್ನು ಇನ್ನೊಂದು ಸೀರೆಗೆ ಕೊಡಬೇಡಿ. ಅಕ್ಷರ ಬಿಟ್ಟು ಬರೀ ಅಂಕಿ ಇಟ್ಟರೆ ಎಕ್ಸೆಲ್ ಮುಂದಿನ ಸೊನ್ನೆ ನುಂಗಿ 0147 ಅನ್ನು 147 ಮಾಡುತ್ತದೆ. ಆಗ ಹಳೆಯ ಸೀರೆಯ ಬೆಲೆ ತಿದ್ದಲು ಹಾಕಿದ ಶೀಟು ಹಳೆಯದನ್ನು ಗುರುತಿಸುವುದೇ ಇಲ್ಲ.

ಈಗ ಎರಡು ಸಲ ಮಾರಾಟದ ವಿಷಯ. ಎಲ್ಲರೂ ಮೊದಲು ಬೈಯುವುದು ಕ್ಯಾಶ್ (cache) ಪ್ಲಗಿನ್ನನ್ನು, ಅಂದರೆ ಪುಟದ ಪ್ರತಿ ಉಳಿಸಿಟ್ಟು ಬೇಗ ತೋರಿಸುವ ಸಾಧನವನ್ನು. ಹಳೆಯ ಪುಟ ತೋರಿಸುತ್ತದೆ, ನಿಜ. ಆದರೆ ಬುಟ್ಟಿಗೆ ಹಾಕುವಾಗ, ಆರ್ಡರ್ ಮಾಡುವಾಗ ವೂಕಾಮರ್ಸ್ ಸ್ಟಾಕನ್ನು ಡೇಟಾಬೇಸಿನಲ್ಲೇ ನೋಡುತ್ತದೆ. ಕಾರ್ಟ್, ಚೆಕ್‌ಔಟ್, ಮೈ ಅಕೌಂಟ್ ಈ ಮೂರು ಪುಟಗಳನ್ನು ಕ್ಯಾಶ್‌ನಿಂದ ಹೊರಗಿಟ್ಟಿದ್ದರೆ ಗಿರಾಕಿಗೆ ಕಿರಿಕಿರಿ ಆದೀತು, ಎರಡು ಸಲ ಮಾರಾಟ ಆಗದು. ನಿಜವಾದ ತೂತು ಎರಡು ಕಡೆ ಇದೆ.

ಮೊದಲನೆಯದು ಗಲ್ಲೆ ಮತ್ತು ವಾಟ್ಸಾಪ್. "ತೆಗೆದಿಡ್ರಿ ಅಣ್ಣಾ, ಸಂಜೆ ದುಡ್ಡು ಹಾಕ್ತೀನಿ" ಅಂತ ಮೆಸೇಜ್ ಬಂದಾಗ "ಆಯ್ತು ಅಕ್ಕಾ" ಅನ್ನುವ ಮೊದಲು ಮೊಬೈಲ್‌ನ ವೂಕಾಮರ್ಸ್ ಆಪ್‌ನಲ್ಲಿ ಆ ನಂಬರ್ ಹುಡುಕಿ ಸ್ಟಾಕ್ 0 ಮಾಡಬೇಕು. ಸಂಜೆ ದುಡ್ಡು ಬರದಿದ್ದರೆ ಮತ್ತೆ 1 ಮಾಡಿದರಾಯಿತು. ರಾತ್ರಿ ಕೂತು ಲೆಕ್ಕ ಹೊಂದಿಸುತ್ತೇವೆ ಅಂದರೆ ಅಷ್ಟರಲ್ಲಿ ಆರ್ಡರ್ ಬಿದ್ದಿರುತ್ತದೆ.

ಎರಡನೆಯದು ತಡವಾಗಿ ಬರುವ ಯುಪಿಐ ದುಡ್ಡು. ಹಣ ಬಾರದ ಆರ್ಡರ್‌ಗೆ ವೂಕಾಮರ್ಸ್ ಮೂಲ ಸೆಟ್ಟಿಂಗ್‌ನಲ್ಲಿ 60 ನಿಮಿಷ ಸ್ಟಾಕ್ ಹಿಡಿದಿಡುತ್ತದೆ, ಆಮೇಲೆ ಆರ್ಡರ್ ರದ್ದು ಮಾಡಿ ಸೀರೆಯನ್ನು ಮಾರಾಟಕ್ಕೆ ಬಿಡುತ್ತದೆ. ಗಿರಾಕಿ ದುಡ್ಡು ಹಾಕಿ ಬ್ರೌಸರ್‌ಗೆ ವಾಪಸ್ ಬರದೆ ಫೋನ್ ಬದಿಗಿಟ್ಟರೆ "ಹಣ ಬಂತು" ಎಂಬ ಸುದ್ದಿ ನಿಮ್ಮ ಸೈಟಿಗೆ ತಲುಪಬೇಕಾದದ್ದು ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಹಣ ಪಡೆದುಕೊಡುವ ಸಂಸ್ಥೆ) ತಾನಾಗಿ ಕಳಿಸುವ ಸಂದೇಶದಿಂದ, ಅಂದರೆ ವೆಬ್‌ಹುಕ್‌ನಿಂದ. ಎಷ್ಟೋ ಸೈಟುಗಳಲ್ಲಿ ಅದನ್ನು ಹಾಕಿಯೇ ಇರುವುದಿಲ್ಲ. ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ವೆಬ್‌ಹುಕ್ ವಿಳಾಸ ಮತ್ತು ಸೀಕ್ರೆಟ್ ಇದೆಯೇ ನೋಡಿ, 1 ರೂಪಾಯಿಯ ಸೀರೆಯೊಂದನ್ನು ಗುಟ್ಟಾಗಿ ಹಾಕಿ, ದುಡ್ಡು ಕಟ್ಟಿದ ತಕ್ಷಣ ಬ್ರೌಸರ್ ಮುಚ್ಚಿ ಪರೀಕ್ಷಿಸಿ. ಆರ್ಡರ್ ತಾನಾಗಿ "ಪ್ರೊಸೆಸಿಂಗ್" ಆದರೆ ಸರಿ. ಇನ್ನೊಂದು ಮಾತು: ವರ್ಡ್‌ಪ್ರೆಸ್‌ನ ಸ್ವಂತ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ವ್ಯವಸ್ಥೆ) ಓಡುವುದು ಯಾರಾದರೂ ಸೈಟಿಗೆ ಬಂದಾಗ ಮಾತ್ರ. ಗಿರಾಕಿ ಕಡಿಮೆ ಇರುವ ಸೈಟಿನಲ್ಲಿ ರದ್ದಾಗಬೇಕಾದ ಆರ್ಡರ್ ಗಂಟೆಗಟ್ಟಲೆ ಸೀರೆ ಹಿಡಿದು ಕೂತಿರುತ್ತದೆ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ 5 ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಹಾಕಿಸಿ.

ಏರಿಸುವುದು ತಡವಾಗಲು ಕಾರಣ ಒಂದೊಂದೇ ಸೀರೆಯನ್ನು ಎಡಿಟರ್‌ನಲ್ಲಿ ತೆರೆದು ತುಂಬುವುದು. ಎಕ್ಸೆಲ್ ಶೀಟಿನಲ್ಲಿ ತುಂಬಿ, ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಠ್ಯ ಫೈಲ್) ಆಗಿ ಉಳಿಸಿ, ಎಲ್ಲವನ್ನೂ ಒಟ್ಟಿಗೆ ಇಂಪೋರ್ಟ್ ಮಾಡಿ. ಕಾಲಂಗಳು: ನಂಬರ್, ಮೈ ನೂಲು, ಸೆರಗಿನ ನೂಲು, ದಡಿ, ಉದ್ದ ಮೀಟರ್‌ನಲ್ಲಿ, ಕುಪ್ಪಸದ ಬಟ್ಟೆ ಇದೆಯೋ ಇಲ್ಲವೋ, ಕೈಮಗ್ಗವೋ ಪವರ್‌ಲೂಮೋ, ಬೆಲೆ. ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಇದ್ದರೆ ಆರ್ಟ್ ಸಿಲ್ಕ್ ಎಂದೇ ಬರೆಯಿರಿ. "ರೇಷ್ಮೆ" ಎಂದಷ್ಟೇ ಬರೆದರೆ ಸೀರೆ ವಾಪಸ್ ಬರುತ್ತದೆ, ಜತೆಗೆ ಗ್ರಾಹಕ ದೂರೂ ಬರಬಹುದು. ಫೈಲನ್ನು ಉಳಿಸುವಾಗ ಯುಟಿಎಫ್-8 ಸಿಎಸ್‌ವಿ ಆರಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವಿವರಗಳಿದ್ದರೆ ಮೊದಲು ಯೂನಿಕೋಡ್‌ಗೆ ತಿರುಗಿಸಿ.

ಕನ್ನಡದಲ್ಲಿ ಹೆಸರಿಟ್ಟವರಿಗೆ ಕಾಡುವ ತೊಂದರೆಯೊಂದಿದೆ. ವರ್ಡ್‌ಪ್ರೆಸ್‌ನಲ್ಲಿ ಪುಟದ ಲಿಂಕಿನ ಹೆಸರಿಗೆ 200 ಅಕ್ಷರದ ಮಿತಿ. ಕನ್ನಡದ ಒಂದೊಂದು ಚಿಹ್ನೆ ಅಲ್ಲಿ 9 ಅಕ್ಷರ ತಿನ್ನುತ್ತದೆ. ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಅಂದರೆ 22 ಚಿಹ್ನೆಗೆ ಮುಗಿಯಿತು, "ದಾಳಿಂಬೆ ಬಣ್ಣದ ಚಿಕ್ಕಿ ದಡಿ ಸೀರೆ" ಅನ್ನುವುದು ನಡುವೆಯೇ ತುಂಡಾಗುತ್ತದೆ. ಶೀರ್ಷಿಕೆ ಕನ್ನಡದಲ್ಲಿರಲಿ, ಲಿಂಕ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಕೊನೆಗೆ ನಂಬರ್. ಮಾರಿಹೋದ ಸೀರೆಯ ಪುಟ ಅಳಿಸಬೇಡಿ, "ಮಾರಾಟವಾಗಿದೆ" ಅಂತಿರಲಿ. ಗೂಗಲ್‌ನಿಂದ ಬಂದವರು ಅಲ್ಲಿಂದ ಬೇರೆ ಸೀರೆ ನೋಡುತ್ತಾರೆ.

ಫೋಟೋ ಐದು ಸಾಕು: ಪೂರ್ತಿ ಸೀರೆ, ತೋಪು ತೆನೆ ವಿನ್ಯಾಸದ ಸೆರಗು, ಸ್ಕೇಲ್ ಇಟ್ಟ ದಡಿ, ಮೈಗೂ ಸೆರಗಿಗೂ ಕೊಂಡಿ ಹಾಕಿ ಕೂಡಿಸಿದ ಜಾಗ, ಹಿಂಬದಿ. ಕೊಂಡಿಯ ಫೋಟೋ ಬಿಡಬೇಡಿ, ಬಲ್ಲವರು ಮೊದಲು ನೋಡುವುದು ಅದನ್ನೇ. ದಾಳಿಂಬೆ ಕೆಂಪು ಫೋನ್ ಕ್ಯಾಮೆರಾದಲ್ಲಿ ಉರಿದು ಎಳೆಗಳೇ ಕಾಣದಂತಾಗುತ್ತದೆ. ಟ್ಯೂಬ್‌ಲೈಟ್ ಆಫ್ ಮಾಡಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಹಾಸಿ, ಎಕ್ಸ್‌ಪೋಷರ್ ಸ್ವಲ್ಪ ತಗ್ಗಿಸಿ ತೆಗೆಯಿರಿ. ಏರಿಸುವ ಮೊದಲು ಉದ್ದದ ಬದಿ 1600 ಪಿಕ್ಸೆಲ್, 200 ಕೆಬಿ ಒಳಗೆ ಇಳಿಸಿ.

ಕ್ಯಾಶ್ ಆನ್ ಡೆಲಿವರಿಯನ್ನು ನಾನಾಗಿದ್ದರೆ ಪೂರ್ತಿ ತೆಗೆಯುವುದಿಲ್ಲ, ಬಿಗಿ ಮಾಡುತ್ತೇನೆ. 150 ರೂಪಾಯಿ ಮುಂಗಡ ಯುಪಿಐನಲ್ಲಿ, ಉಳಿದದ್ದು ಮನೆ ಬಾಗಿಲಲ್ಲಿ. ಪ್ಯಾಕ್ ಮಾಡುವ ಮೊದಲು ಒಂದು ಫೋನ್. ಕೊರಿಯರ್‌ನ "ತಲುಪಿಲ್ಲ" ಪಟ್ಟಿಗೆ ಅದೇ ದಿನ ಉತ್ತರ ಕೊಡಿ, ಬಿಟ್ಟರೆ ಪಾರ್ಸೆಲ್ ವಾಪಸ್ ಹೊರಡುತ್ತದೆ, ಹೋಗಿ ಬಂದ ಖರ್ಚು ಎರಡೂ ನಿಮ್ಮದೇ.

ಡಬ್ಬಿಯ ಲೆಕ್ಕವನ್ನೂ ನೋಡಿ. ಹಲವು ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳ ಸೆಂಟಿಮೀಟರ್ ಗುಣಿಸಿ 5000ದಿಂದ ಭಾಗಿಸುತ್ತವೆ, ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅಷ್ಟು ಕೆಜಿಗೆ ದುಡ್ಡು ಹಾಕುತ್ತವೆ. 35×28×8 ಡಬ್ಬಿಯಲ್ಲಿ 700 ಗ್ರಾಂ ಸೀರೆ ಇಟ್ಟರೂ ತೂಕ 1.57 ಕೆಜಿ ಎಂದೇ ಲೆಕ್ಕ. ಚಪ್ಪಟೆ ಕೊರಿಯರ್ ಕವರಿನಲ್ಲಿ, ಎತ್ತರ 3 ಸೆಂಟಿಮೀಟರ್‌ಗೆ ಇಳಿದರೆ, ನಿಜವಾದ ತೂಕಕ್ಕಷ್ಟೇ ದುಡ್ಡು.

ಸೈಟಿನಲ್ಲಿ ದೂರು ಅಧಿಕಾರಿಯ ಹೆಸರು, ಫೋನ್ ಹಾಕಿದ್ದೀರಾ? 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅದು ಬೇಕೇ ಬೇಕು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು.