ಕಲ್ಲಿನ ಮೇಲಿನ ಲೋಳೆ ಲೋಹವನ್ನು ಹಿಡಿಯುವುದು ಹೇಗೆ?

ನದಿ ಕಲ್ಲಿನ ಲೋಳೆ ನೀರಿನ ಸೀಸ, ಕ್ಯಾಡ್ಮಿಯಂನಂಥ ವಿಷಕಾರಿ ಲೋಹಗಳನ್ನು ಹಿಡಿಯುತ್ತದಾ ಎಂದು ಕೇಳಿದ್ದೀರಿ. ಹೌದು, ಹಿಡಿಯುತ್ತದೆ. ನೇತ್ರಾವತಿಗೆ ಇಳಿದಾಗ ಕಲ್ಲು ಜಾರುತ್ತದೆ ಅಲ್ವಾ? ಅದು ಬ್ಯಾಕ್ಟೀರಿಯಾ, ಪಾಚಿ ಸೇರಿ ಕಟ್ಟಿಕೊಂಡ ಮನೆ. ಅವುಗಳೇ ಸುರಿಸಿದ ಅಂಟು ಎಲ್ಲವನ್ನೂ ಹಿಡಿದಿಟ್ಟಿರುತ್ತದೆ.

ಗುಟ್ಟು ಆ ಅಂಟಿನಲ್ಲಿದೆ. ಅದರ ಕಾರ್ಬಾಕ್ಸಿಲ್, ಫಾಸ್ಫೇಟ್ ಎಂಬ ಪರಮಾಣು ಗುಂಪುಗಳಲ್ಲಿ ಋಣ ವಿದ್ಯುದಂಶ ಇರುತ್ತದೆ. ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಂ ಅಯಾನುಗಳದ್ದು (ವಿದ್ಯುದಂಶ ಇರುವ ಕಣಗಳದ್ದು) ಧನ. ಹಾಗಾಗಿ ಬಂದು ಅಂಟಿಕೊಳ್ಳುತ್ತವೆ. ಇದಕ್ಕೆ ಜೀವ ಇರಲೇಬೇಕು ಅಂತಿಲ್ಲ, ಸತ್ತ ಲೋಳೆಯೂ ಹಿಡಿಯುತ್ತದೆ. ನನಗೆ ಜಾಸ್ತಿ ಅಚ್ಚರಿ ಮ್ಯಾಂಗನೀಸಿನದ್ದು. ಕೆಲವು ಬ್ಯಾಕ್ಟೀರಿಯಾಗಳು ಲೋಳೆಯೊಳಗೇ ಮ್ಯಾಂಗನೀಸ್ ಆಕ್ಸೈಡಿನ ಸಣ್ಣ ಕಣಗಳನ್ನು ತಯಾರಿಸುತ್ತವೆ. ಚೂರೇ ಇದ್ದರೂ ಅದು ಸೀಸವನ್ನು ಬಹಳ ಬಿಗಿಯಾಗಿ ಹಿಡಿಯುತ್ತದೆ. ಕಬ್ಬಿಣದ ಆಕ್ಸೈಡ್ ಕೂಡ ಹಿಡಿಯುತ್ತದೆ.

ಆದರೆ ಹಿಡಿದದ್ದು ಮಾಯವಾಗುವುದಿಲ್ಲ. ನೀರು ಹುಳಿಯಾದರೆ, ಅಂದರೆ ಆಮ್ಲೀಯವಾದರೆ, ಹೈಡ್ರೋಜನ್ ಅಯಾನುಗಳು ಅಂಟಿನಲ್ಲಿ ಲೋಹ ಕೂತಿದ್ದ ಜಾಗ ಕಿತ್ತುಕೊಳ್ಳುತ್ತವೆ. ಲೋಹ ಮತ್ತೆ ನೀರಿಗೆ ಬರುತ್ತದೆ. ಮಂಗಳೂರಿನ ಬೆಂಗ್ರೆ ಅಳಿವೆಯಂಥ, ನದಿ ಕಡಲು ಸೇರುವ ಉಪ್ಪುನೀರಿನ ಜಾಗದಲ್ಲಿ ಕ್ಯಾಡ್ಮಿಯಂ ಕ್ಲೋರೈಡಿನ ಜೊತೆ ಕೂಡಿಕೊಂಡು ನೀರಲ್ಲೇ ಉಳಿಯುತ್ತದೆ. ಲೋಳೆ ಕೆರೆದು ತಿನ್ನುವ ಬಸವನಹುಳುವಿನ ಹೊಟ್ಟೆಗೂ ಲೋಹ ಹೋಗುತ್ತದೆ, ಅಲ್ಲಿಂದ ಅದನ್ನು ತಿನ್ನುವ ಮೀನಿಗೆ.