ಹಾರ್ಡ್ ಅನೊಡೈಸಿಂಗ್ ಮಾಡಿದ ಅಲ್ಯೂಮಿನಿಯಂ ಬೇಗ ಸವೆಯುವುದಿಲ್ಲ, ಏಕೆ?

ಏಕೆಂದರೆ ಈ ವಿಧಾನದಲ್ಲಿ ಮೂಡುವ ಹೊದಿಕೆ ಮೇಲಿನಿಂದ ಬಳಿದ ಲೇಪವಲ್ಲ. ಲೋಹದ ಮೈಯೇ ಆಕ್ಸೈಡ್ ಆಗಿ ಮಾರ್ಪಟ್ಟು ಬೆಳೆದ ಗಡಸು ಪದರ, ಹಾಗಾಗಿ ಬಣ್ಣದಂತೆ ಚಕ್ಕೆಯೇಳುವುದಿಲ್ಲ. ಗಾಳಿಗೆ ತೆರೆದಿಟ್ಟ ಅಲ್ಯೂಮಿನಿಯಂ ಮೇಲೆ ತಾನಾಗಿಯೇ ಮೂಡುವ ಆಕ್ಸೈಡ್ ಕೆಲವೇ ನ್ಯಾನೊಮೀಟರ್ ದಪ್ಪವಿರುತ್ತದೆ. ಸವೆತದ ಮುಂದೆ ಅದು ಲೆಕ್ಕಕ್ಕಿಲ್ಲ. ಹಾರ್ಡ್ ಅನೊಡೈಸಿಂಗ್‌ನಲ್ಲಿ ಗಂಧಕಾಮ್ಲದ ದ್ರಾವಣದಲ್ಲಿ ವಸ್ತುವನ್ನು ಮುಳುಗಿಸಿ, ಅದನ್ನೇ ಧನಧ್ರುವವಾಗಿಸಿ ವಿದ್ಯುತ್ ಹರಿಸಿದರೆ ಪದರ ಸುಮಾರು 50 ಮೈಕ್ರಾನ್‌ವರೆಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಬೆಳೆಯುತ್ತದೆ. ಇಲ್ಲಿ ಗುಟ್ಟಿರುವುದು ತಂಪಿನಲ್ಲಿ: ಬೆಳೆಯುತ್ತಿರುವ ಆಕ್ಸೈಡನ್ನು ಆಮ್ಲ ಕರಗಿಸುತ್ತಲೂ ಇರುವುದರಿಂದ, ದ್ರಾವಣವನ್ನು 0 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಟ್ಟರೆ ಕರಗುವಿಕೆ ನಿಧಾನವಾಗಿ ಪದರ ದಟ್ಟವಾಗುತ್ತದೆ.

ಈ ಪದರದ ತುಂಬ ಅತಿಸೂಕ್ಷ್ಮ ರಂಧ್ರಗಳಿರುತ್ತವೆ. ತುಕ್ಕಿನ ಭಯವಿದ್ದಲ್ಲಿ ಕುದಿಯುವ ನೀರಿನಲ್ಲಿಟ್ಟು ಅವನ್ನು ಮುಚ್ಚುತ್ತಾರೆ. ಆಕ್ಸೈಡ್ ನೀರನ್ನು ಸೇರಿಸಿಕೊಂಡು ಉಬ್ಬಿ ರಂಧ್ರ ಕಟ್ಟಿಕೊಳ್ಳುತ್ತದೆ. ಆದರೆ ಇದರಿಂದ ಸವೆತ ತಡೆಯುವ ಶಕ್ತಿ ಕೊಂಚ ತಗ್ಗುವುದರಿಂದ, ಉಜ್ಜಾಟವೇ ಮುಖ್ಯವಾದಲ್ಲಿ ಈ ಹಂತವನ್ನು ಬಿಡುವುದೇ ಮೇಲು. ಮಿಶ್ರಲೋಹವನ್ನೂ ನೋಡಿ ಆರಿಸಬೇಕು: 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆ ಪದರ ಚೆನ್ನಾಗಿ ಬರುತ್ತದೆ, ತಾಮ್ರ ಹೆಚ್ಚಿರುವ 2024 ಎಂಬ ಮಿಶ್ರಲೋಹದ ಮೇಲೆ ಅಷ್ಟು ಗಡಸಾಗುವುದಿಲ್ಲ. ಇನ್ನು, ಪದರದ ಅರ್ಧದಷ್ಟು ಹೊರಮುಖವಾಗಿ ಬೆಳೆಯುವುದರಿಂದ 50 ಮೈಕ್ರಾನ್ ಪದರ ಪಡೆದ ಶಾಫ್ಟ್‌ನ ವ್ಯಾಸವೂ ಎರಡೂ ಬದಿ ಸೇರಿ ಸುಮಾರು 50 ಮೈಕ್ರಾನ್ ಹೆಚ್ಚುತ್ತದೆ; ಲೇತ್‌ನಲ್ಲಿ ಕಡೆಯುವಾಗಲೇ ಅಷ್ಟನ್ನು ಕಳೆದಿರಬೇಕು.